ಟರ್ಬೊಗಿಂತ ಮೊದಲು

ನನ್ನ ಬಳಿ ಇರುವುದು ಮಜ್ದಾ ಎಂಎಕ್ಸ್-5 ಕಾರಿನ ಮೊದಲ ತಲೆಮಾರಿನ ಮಾದರಿ. 1989ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿನ 1.6 ಲೀಟರ್ ಎಂಜಿನ್ ಕೊಡುವುದು ಸುಮಾರು 115 ಅಶ್ವಶಕ್ತಿಯಷ್ಟೇ ಆದರೂ, ಮೈ ಹಗುರವಾಗಿರುವುದರಿಂದ ಮತ್ತು ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುವುದರಿಂದ ತಿರುವುಗಳಲ್ಲಿ ಅದನ್ನು ಓಡಿಸುವ ಸುಖವೇ ಬೇರೆ. ಅದಕ್ಕೆ ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಬಲ ಹೆಚ್ಚಿಸುವ ಸಾಧನ, ಕೂರಿಸುವ ಆಸೆ ನನಗೆ ಬಹಳ ಕಾಲದಿಂದ ಇತ್ತು. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸಲು ಒಂದು ಬೆಳಿಗ್ಗೆ ಮೆಕ್ಯಾನಿಕ್ ಜೊತೆ ಕಾರನ್ನು ಲಿಫ್ಟಿಗೆ ಏರಿಸಿದೆ.

ಎಂಜಿನ್ನಿನ ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ (ಒಳಗಿನ ಒತ್ತಡ) ಹೆಚ್ಚುಕಡಿಮೆ ಸಮನಾಗಿತ್ತು, ಅಂದರೆ ಎಂಜಿನ್ ಆರೋಗ್ಯವಾಗಿತ್ತು. ಅದನ್ನು ಕಂಡು ನಾನು ಟರ್ಬೊ ವಿಷಯ ಎತ್ತಿದಾಗ ಅವರು, "ಸ್ವಲ್ಪ ತಡೀರಿ ಸರ್, ಕೆಳಗೆ ಬಂದು ಇದನ್ನೊಮ್ಮೆ ನೋಡಿ" ಎಂದರು. ಚಕ್ರವನ್ನು ಹಿಡಿದಿರುವ ಸಸ್ಪೆನ್ಷನ್ನಿನ ಕೆಳತೋಳಿಗೆ ಸಣ್ಣ ಸನ್ನೆಕೋಲು ಕೊಟ್ಟು ಮೀಟಿದೊಡನೆ, ತೋಳಿನ ಕೀಲಿನಲ್ಲಿ ಕೂರುವ ಬುಷ್‌ನ ರಬ್ಬರಿನಲ್ಲಿದ್ದ ಬಿರುಕು ಬಾಯಿಬಿಟ್ಟಿತು. ತೋಳು ಇದ್ದ ಜಾಗದಿಂದ ಕಣ್ಣಿಗೆ ಕಾಣುವಷ್ಟು ಸರಿಯಿತು. ಬ್ರೇಕ್ ಹಿಡಿದಾಗ, ತಿರುವಿಗೆ ಇಳಿದಾಗ ಚಕ್ರವೂ ಹೀಗೆಯೇ ದಿಕ್ಕು ಬದಲಿಸುತ್ತಿರಬೇಕು. ಟೈರಿನ ಪಕ್ಕದಲ್ಲಿ 2214 ಎಂಬ ಅಂಕಿಯಿತ್ತು, ಅಂದರೆ 2014ರ 22ನೆಯ ವಾರದಲ್ಲಿ ತಯಾರಾದದ್ದು. ಮೇಲಿನ ಗೀರುಗಳು ಇನ್ನೂ ಆಳವಾಗಿಯೇ ಇದ್ದವು, ಆದರೆ ರಬ್ಬರು ಗಡುಸಾಗಿ ಉಗುರಿಗೂ ಬಗ್ಗುತ್ತಿರಲಿಲ್ಲ.

ಬ್ರೇಕ್ ದ್ರವವೂ ಕಪ್ಪಾಗಿತ್ತು. ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕಾದರೆ, ತೇವ ಹೀರಿದ ದ್ರವಕ್ಕೆ ಆ ಮಿತಿ 155 ಡಿಗ್ರಿ ಮಾತ್ರ. ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಕಾದು ದ್ರವ ಕುದಿದು ಪೆಡಲ್ ಮೆತ್ತಗಾಗಲು ಇಷ್ಟು ಸಾಕು.

ಟರ್ಬೊ ಒಂಟಿಯಾಗಿ ಬರುವುದಿಲ್ಲ ಎಂಬುದು ಲೆಕ್ಕ ಹಾಕುತ್ತ ಹೋದಂತೆ ಸ್ಪಷ್ಟವಾಯಿತು. ಇಂಧನ ಸಿಂಪಡಿಸುವ ಇಂಜೆಕ್ಟರ್, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು, ಕ್ಲಚ್, ದೊಡ್ಡ ರೇಡಿಯೇಟರ್ ಬೇಕು, ಮೇಲಾಗಿ 1.6 ಲೀಟರ್ ಕಾರಿನ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಗೇರುಗಳ ಜೋಡಣೆ) ಹೆಚ್ಚಿನ ಬಲ ತಾಳದು, ಮುಂದೆ ಬಂದ 1.8 ಲೀಟರ್ ಮಾದರಿಯ ಗಟ್ಟಿ ಡಿಫರೆನ್ಷಿಯಲ್ ಹುಡುಕಬೇಕು. ಅದೇ ಮಾದರಿಯ ಮುಂದಿನ ಚಕ್ರಗಳ ಬ್ರೇಕ್ ಡಿಸ್ಕುಗಳು 255 ಮಿಲಿಮೀಟರ್ ವ್ಯಾಸದವು, ನನ್ನ ಕಾರಿನವು 235. ಅವನ್ನು ಮಾತ್ರ ಈಗಲೇ ಹಾಕಿಸುವುದೆಂದು ತೀರ್ಮಾನಿಸಿದೆ.

ಹೀಗಾಗಿ ಮೊದಲಿಗೆ ಬುಷ್, ಶಾಕ್ ಅಬ್ಸಾರ್ಬರ್, ಟೈರು ಮತ್ತು ಬ್ರೇಕಿನ ಕೆಲಸ. ಟರ್ಬೊ ಮಾತು ಮುಂದಿನ ವರ್ಷಕ್ಕೆ. ವ್ಹೀಲ್ ಅಲೈನ್‌ಮೆಂಟನ್ನು ಬುಷ್ ಕೂರಿಸಿದ ಮೇಲೆಯೇ ಮಾಡಿಸುತ್ತೇನೆ, ಸಡಿಲ ತೋಳುಗಳ ಮೇಲೆ ಹೊಂದಿಸಿದ ಕೋನ ನಿಲ್ಲುವುದಿಲ್ಲ.