ಕೆಲಸ ಏನು ಅಂತ ಕೇಳಿದ್ಯಾ?

1998ರಲ್ಲಿ ನಾವು ದಾವಣಗೆರೆಯ ಜೆ.ಜೆ.ಎಂ. ಮೆಡಿಕಲ್ ಕಾಲೇಜಿಗೆ ಸೇರಿದಾಗ ಸೀನಿಯರ್‌ಗಳಿಗೆ ನಮ್ಮ ಮೇಲೆ ಪಾಪ ಅನ್ನಿಸಿತ್ತು. ಅವರಿಗೆ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಓದಲು ಒಂದೂವರೆ ವರ್ಷ ಸಿಕ್ಕಿತ್ತು. 1997ರ ಹೊಸ ನಿಯಮ ಬಂದು ನಮಗೆ ಒಂದೇ ವರ್ಷ. ಪುಸ್ತಕ ಮಾತ್ರ ತೆಳ್ಳಗಾಗಿರಲಿಲ್ಲ.

ಯೂನಿವರ್ಸಿಟಿಯೂ ಹೊಸದು. ಅದಕ್ಕೆ ಮೊದಲು ನಮ್ಮ ಕಾಲೇಜು ಕುವೆಂಪು ವಿಶ್ವವಿದ್ಯಾಲಯದ ಕೆಳಗಿತ್ತು. 1996ರಲ್ಲಿ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಶುರುವಾಯಿತು. ಮೆಡಿಕಲ್, ಡೆಂಟಲ್, ನರ್ಸಿಂಗ್, ಫಾರ್ಮಸಿ, ಆಯುರ್ವೇದ, ಹೋಮಿಯೋಪತಿ ಎಲ್ಲ ಅದೇ ಸೂರಿನಡಿ ಬಂದವು. ಪಾಠ ನಮ್ಮೂರಲ್ಲಿ. ಸಿಲಬಸ್, ಪರೀಕ್ಷೆ, ಡಿಗ್ರಿ ಬೆಂಗಳೂರಿನದು.

ಮೊದಲ ವರ್ಷ ಆರೋಗ್ಯವಂತ ದೇಹದ ಪಾಠ. ಎಷ್ಟು ಸೋಪು ಹಾಕಿದರೂ ಹೆಣ ಕೆಡದಂತೆ ಹಾಕುವ ಫಾರ್ಮಲಿನ್ ವಾಸನೆ ಕೈ ಬಿಡುತ್ತಿರಲಿಲ್ಲ. ಆಮೇಲಿನ ಒಂದೂವರೆ ವರ್ಷ ರೋಗ, ರೋಗಾಣು, ಔಷಧಿಗಳ ಪಾಠ: ಪೆಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿ, ಜೊತೆಗೆ ಫೊರೆನ್ಸಿಕ್. ಬೆಳಿಗ್ಗೆ ವಾರ್ಡ್ ಪೋಸ್ಟಿಂಗ್, ಮಧ್ಯಾಹ್ನ ಲ್ಯಾಬು. ಒಂದೊಂದು ಡಿಪಾರ್ಟ್‌ಮೆಂಟ್ ಒಂದೊಂದು ಊರು ಇದ್ದ ಹಾಗೆ. ಒಂದು ಪರೀಕ್ಷೆ ಮುಗಿದರೆ ಆ ಊರಿನ ಕಡೆ ಮತ್ತೆ ತಿರುಗಿ ನೋಡುತ್ತಿರಲಿಲ್ಲ.

ಕಣ್ಣು, ಇ.ಎನ್.ಟಿ. ಜೊತೆಗೆ ಬಂದದ್ದು ಕಮ್ಯುನಿಟಿ ಮೆಡಿಸಿನ್, ಅಂದರೆ ಊರು-ಕೇರಿಯ ಜನರ ಆರೋಗ್ಯದ ಪಾಠ. ನಮ್ಮ ಬಾಯಲ್ಲಿ ಪಿ.ಎಸ್.ಎಂ. (ಪ್ರಿವೆಂಟಿವ್ ಅಂಡ್ ಸೋಶಿಯಲ್ ಮೆಡಿಸಿನ್). ಪಾಸಾದರೆ ಸಾಕು ಅನ್ನುವ ವಿಷಯ ಅದು. ಮನೆ ಮನೆ ಸರ್ವೆಗೆ ಹೋಗಬೇಕಿತ್ತು. ನನಗೆ ಸಿಕ್ಕ ಒಂದು ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ. ಆ ಮನೆಯ ಅಮ್ಮನಿಗೆ ಬಹಳ ದಿನದ ಕೆಮ್ಮು, ಉಬ್ಬಸ. 'ಬೀಡಿ, ಸಿಗರೇಟು?' ಅಂದೆ. ಅವರು ನಕ್ಕರು. 'ಧೂಮಪಾನ: ಇಲ್ಲ' ಅಂತ ಬರೆದುಕೊಂಡು ಬಂದೆ.

ಮೇಷ್ಟ್ರು ಹಾಳೆ ನೋಡಿ ಒಂದೇ ಮಾತು ಕೇಳಿದರು: 'ಕೆಲಸ ಏನು ಅಂತ ಕೇಳಿದ್ಯಾ?'

ಕೇಳಿರಲಿಲ್ಲ. ಮತ್ತೆ ಹೋದೆ. ಆ ಅಮ್ಮ ಭಟ್ಟಿಯ ಮುಂದೆ ನಿಂತಿದ್ದರು. ಬಾಣಲೆಯಲ್ಲಿ ಕಾದ ಮರಳು, ಅದಕ್ಕೆ ಅಕ್ಕಿ ಸುರಿದ ಕೂಡಲೇ ಚಟಚಟ ಅಂತ ಅರಳುತ್ತಿತ್ತು. ಒಲೆಯ ಹೊಗೆ ನೇರವಾಗಿ ಮುಖಕ್ಕೆ. ಸೆರಗಿನಿಂದ ಮೂಗು ಮುಚ್ಚಿಕೊಂಡರೆ ಕೈ ಓಡುವುದಿಲ್ಲ ಅಂದರು. ಮದುವೆಗೆ ಮುಂಚಿನಿಂದಲೂ ಇದೇ ಕೆಲಸವಂತೆ. ನಾನು ಹತ್ತು ನಿಮಿಷ ನಿಂತದ್ದಕ್ಕೇ ಕಣ್ಣಲ್ಲಿ ನೀರು.

ಮಾರನೇ ದಿನ ಪೆಥಾಲಜಿ ಮ್ಯೂಸಿಯಂಗೆ ಯಾರೂ ಕರೆಯದೆ ಹೋದೆ. ಗಾಜಿನ ಜಾಡಿಯಲ್ಲಿ ಎಂಫಿಸೀಮಾ, ಅಂದರೆ ಒಳಗಿನ ಗಾಳಿಚೀಲಗಳು ಹಾಳಾಗುವ ಕಾಯಿಲೆ, ಆದ ಶ್ವಾಸಕೋಶ ಇತ್ತು. ವೈವಾಗೆ (ಬಾಯಿಮಾತಿನ ಪರೀಕ್ಷೆಗೆ) ಅದರ ಹೆಸರು ಬಾಯಿಪಾಠ ಮಾಡಿದ್ದೆ ಅಷ್ಟೇ. ಅವತ್ತು ಅದು ಒಬ್ಬರ ಎದೆಯಲ್ಲಿ ಇದ್ದದ್ದು ಅಂತ ಮೊದಲ ಸಲ ಅನ್ನಿಸಿತು. ಫಿಸಿಯಾಲಜಿಯ ಹಳೇ ನೋಟ್ಸ್ ಹುಡುಕಿ ಉಸಿರಾಟದ ಪಾಠ ಮತ್ತೆ ಓದಿದೆ.

2019ರಿಂದ ಹೊಸ ಪಠ್ಯಕ್ರಮದಲ್ಲಿ ಮೊದಲ ವರ್ಷವೇ ರೋಗಿಗಳನ್ನು ನೋಡಿಸುತ್ತಾರೆ. ಆಮೇಲೆ ಬಂದ ಬ್ಯಾಚುಗಳಿಗೆ ಆರೋಗ್ಯದ ಮೇಲೆ ಕಣ್ಣಿಡಲು ಕುಟುಂಬಗಳನ್ನೂ ಒಪ್ಪಿಸುತ್ತಾರೆ. ನನಗೆ ಇದು ಬಹಳ ಖುಷಿ ಕೊಟ್ಟ ಬದಲಾವಣೆ. ನಮಗೆ ಅದು ಸಿಕ್ಕಿದ್ದು ತುಂಬಾ ತಡವಾಗಿ, ಅಲ್ವಾ?

ನನ್ನ ಕ್ಲಿನಿಕ್ಕಿನ ಚೀಟಿಯಲ್ಲಿ ಹೆಸರು, ವಯಸ್ಸಿನ ಕೆಳಗೆ ಇನ್ನೊಂದು ಗೆರೆ ಇದೆ: 'ಕೆಲಸ'. ಪ್ರಿಂಟ್ ಹಾಕಿಸುವಾಗ ನಾನೇ ಸೇರಿಸಿದ್ದು.