ಮುಚ್ಚಳದ ಫೋಟೋ

"ನೋಡಿದ್ರೆ ಗೊತ್ತಾಗತ್ತೆ ಮೇಡಂ."

ಈ ವಾರವೆಲ್ಲ ಇದೊಂದೇ ಮಾತು ಕಿವಿಯಲ್ಲಿ. ಪಾತ್ರೆ ತೊಳೆಯುವಾಗ, ತರಗತಿಯಲ್ಲಿ ಹಾಜರಿ ಕೂಗುವಾಗ, ರಾತ್ರಿ ದೀಪ ಆರಿಸಿದ ಮೇಲೂ. ಹೇಳಿದ ಸರ್ವಿಸ್ ಸೆಂಟರಿನ ಹುಡುಗನಿಗೆ ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಟ್ಯಾಬ್. ಟ್ಯಾಬ್‌ನಲ್ಲಿ ನನ್ನ ಕಾರಿನ ಇಂಜಿನ್ ಆಯಿಲ್ ಮುಚ್ಚಳದ ಫೋಟೋ. ಮುಚ್ಚಳದ ಒಳಮೈಗೆ ಬೆಳ್ಳಗೆ, ಮೆತ್ತಗೆ ಏನೋ ಅಂಟಿಕೊಂಡಿತ್ತು.

"ಆಯಿಲ್‌ಗೆ ನೀರು ಸೇರಿದೆ ಮೇಡಂ. ಹೆಡ್ ಗ್ಯಾಸ್ಕೆಟ್ ಹೋಗಿದೆ. ಓವರ್‌ಹೀಟ್ ಆಗಿರೋದ್ರಿಂದ ಹೆಡ್ಡೂ ಬೆಂಡ್ ಆಗಿರತ್ತೆ. ಹಾಫ್ ಇಂಜಿನ್ ಹಾಕಿಸಿಬಿಡೋದು ಒಳ್ಳೇದು."

ಹೆಡ್ ಅಂದರೆ ಇಂಜಿನ್ನಿನ ಮೇಲಿನ ಭಾಗ. ಗ್ಯಾಸ್ಕೆಟ್ ಅಂದರೆ ಅದರ ಕೆಳಗೆ ಆಯಿಲ್ಲೂ ನೀರೂ ಬೆರೆಯದ ಹಾಗೆ ತಡೆಯುವ ತೆಳು ಹಾಳೆ. ಹಾಫ್ ಇಂಜಿನ್ ಅಂದರೆ ಇಂಜಿನ್ನಿನ ಮುಖ್ಯ ಭಾಗವನ್ನೇ ಬದಲಿಸುವುದು. ಜಿಎಸ್‌ಟಿ ಸೇರಿ 1,68,000 ರೂಪಾಯಿ.

"ಯಾವ ಟೆಸ್ಟ್ ಮಾಡಿ ನೋಡಿದ್ರಿ?" ಅಂತ ಕೇಳಿದೆ. ಅದಕ್ಕೆ ಬಂದ ಉತ್ತರವೇ ಮೊದಲ ಸಾಲಿನಲ್ಲಿ ಬರೆದದ್ದು.

ಹಿಂದಿನ ದಿನ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಬರುವಾಗ ಶಿವಮೊಗ್ಗದ ಶಿವಪ್ಪ ನಾಯಕ ವೃತ್ತದ ಹತ್ತಿರ ಟೆಂಪರೇಚರ್ ದೀಪ ಕೆಂಪಗಾಗಿತ್ತು. ಕೂಡಲೇ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿದೆ. ಬಾನೆಟ್ ಎತ್ತಿದರೆ ಹೊಗೆಯಿಲ್ಲ, ಸುಟ್ಟ ವಾಸನೆಯಿಲ್ಲ. ಇಂಜಿನ್ ತಣ್ಣಗಿಡುವ ದ್ರವದ, ಅಂದರೆ ಕೂಲೆಂಟಿನ, ಡಬ್ಬಿ ಮಾತ್ರ ಖಾಲಿ. ಟೋಯಿಂಗ್ ಗಾಡಿ ಬಂದು ಸರ್ವಿಸ್ ಸೆಂಟರಿಗೆ ಎತ್ತಿಕೊಂಡು ಹೋಯಿತು. ನಾನು ಆಟೋ ಹತ್ತಿ ಕೆಲಸಕ್ಕೆ ಹೋದೆ. ಏನೋ ಪೈಪು ಗೀಪು ಹೋಗಿರಬೇಕು ಅಂದುಕೊಂಡಿದ್ದೆ.

1,68,000 ಅಂದರೆ ಕ್ವಿಂಟಾಲ್‌ಗಟ್ಟಲೆ ಅಡಿಕೆ. ತೀರ್ಥಹಳ್ಳಿ ಕಡೆ ನಮ್ಮ ತೋಟದಲ್ಲಿ ಎಲೆಚುಕ್ಕಿ ರೋಗ ಬಂದ ಮೇಲೆ ಅಷ್ಟು ಅಡಿಕೆ ಕೈಗೆ ಸಿಗಲು ಏನೇನು ಮಾಡಬೇಕು ಅಂತ ಅಮ್ಮನಿಗೆ ಗೊತ್ತು. ಅಮ್ಮ ಅಲ್ಲಿ ಒಬ್ಬರೇ. ನಮ್ಮದು ಒಂಟಿಮನೆ. ಬಸ್ಸು ಇಳಿದ ಮೇಲೂ ಮಣ್ಣುರಸ್ತೆಯಲ್ಲಿ ನಡೆಯಬೇಕು. ಮಳೆಗಾಲದಲ್ಲಿ ರಾತ್ರಿ ಫೋನ್ ಬಂತೆಂದರೆ ಕಾರು ಇದ್ದರೆ ಮಾತ್ರ ಹೋಗಬಹುದು. ಮಲೆನಾಡಿನ ಮನೆಗಳಿಗೆ ಕಾರು ಶೋಕಿಗಲ್ಲ. ಪೇಟೆಯಲ್ಲಿ ಕೂತು ಎಸ್ಟಿಮೇಟ್ ಬರೆಯುವವರಿಗೆ ಇದು ಎಷ್ಟು ಗೊತ್ತಿರುತ್ತದೋ.

ಹುಡುಗ ಮಾತಿನಲ್ಲಿ ಒರಟನಲ್ಲ. ಕುರ್ಚಿ ಎಳೆದು ಕೊಟ್ಟ, ಕಾಫಿ ತರಿಸಿದ. ಆದರೆ ನಾನು ಟೆಸ್ಟ್ ಬಗ್ಗೆ ಕೇಳಿದ ಮೇಲೆ "ಬೇಕಿದ್ರೆ ಸರ್ ಹತ್ರ ಮಾತಾಡ್ತೀನಿ ಮೇಡಂ, ಫೋನ್ ಮಾಡಿ ಕೊಡಿ" ಅಂದ. ಯಾಕೆ? ಕಾರು ನನ್ನ ಹೆಸರಿನಲ್ಲಿದೆ. ಸಾಲದ ಕಂತು ಕಟ್ಟಿ ಮುಗಿಸಿದ್ದು ನನ್ನ ಸಂಬಳದಿಂದ. ಯಜಮಾನರು ದಾವಣಗೆರೆಯಲ್ಲಿ ಕೆಲಸದಲ್ಲಿದ್ದಾರೆ, ಅವರಿಗೆ ಆಯಿಲ್ ಮುಚ್ಚಳ ಎಲ್ಲಿದೆ ಅಂತಲೂ ಗೊತ್ತಿಲ್ಲ. ಹೆಂಗಸು ಪ್ರಶ್ನೆ ಕೇಳಿದರೆ ಅದಕ್ಕೆ ಉತ್ತರ ಕೊಡಬೇಕು. ಗಂಡಸಿನ ಫೋನ್ ನಂಬರ್ ಕೇಳುವುದು ಉತ್ತರ ಅಲ್ಲ.

ಆಮೇಲೆ ಒಂದು ಕಾಗದ ಮುಂದಿಟ್ಟ. ಇಂಜಿನ್ ಬಿಚ್ಚಲು ಒಪ್ಪಿಗೆ. ಬಿಚ್ಚಿದ ಮೇಲೆ ಬೇಡ ಅಂದರೂ 14,000 ಕಟ್ಟಬೇಕು. ಬಿಚ್ಚಿದಾಗ ಬೇರೆ ಏನಾದರೂ ಕಂಡರೆ ಎಸ್ಟಿಮೇಟ್ ಇನ್ನೂ ಏರಬಹುದು. ಸಹಿ ಹಾಕುವ ಜಾಗದಲ್ಲಿ ಪೆನ್ಸಿಲ್ಲಿನಿಂದ ಗುರುತು ಬೇರೆ. ನಾನು ಪೆನ್ನು ಎತ್ತಲಿಲ್ಲ. ಅದನ್ನು ನೋಡಿ ಆತ ಇನ್ನೊಂದು ದಾರಿ ಹೇಳಿದ. "ಒಂಬತ್ತು ವರ್ಷದ ಗಾಡಿಗೆ ಇಷ್ಟು ಹಾಕೋ ಬದಲು ಎಕ್ಸ್‌ಚೇಂಜ್ ಮಾಡಿಬಿಡಿ ಮೇಡಂ. ಈ ತಿಂಗಳು ಒಳ್ಳೇ ಆಫರ್ ಇದೆ." ಗಾಜಿನ ಗೋಡೆಯ ಆಚೆಯೇ ಶೋರೂಮ್. ಹೊಸ ಗಾಡಿಗಳಿಗೆ ರಿಬ್ಬನ್ ಕಟ್ಟಿ ನಿಲ್ಲಿಸಿದ್ದರು. ಕಾರಿಗೆ ಏನಾಗಿದೆ ಅಂತ ತಿಳಿಯಲು ಬಂದವಳನ್ನು ಆ ಬಾಗಿಲಿನ ಕಡೆಗೆ ಕರೆದುಕೊಂಡು ಹೋಗುವುದು ನನಗೆ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಸಂಜೆ ಯಜಮಾನರ ಗೆಳೆಯರೊಬ್ಬರು ಫೋನ್ ಮಾಡಿದ್ದರು. "ಕಂಪನಿಯವರೇ ಹೇಳಿದ ಮೇಲೆ ಮುಗೀತಲ್ಲ. ಹೊರಗಡೆ ಕೊಟ್ಟು ಹಾಳು ಮಾಡ್ಕೋಬೇಡಿ" ಅಂದರು. ಒಳ್ಳೆಯ ಮನುಷ್ಯ, ಕಷ್ಟಕ್ಕೆ ಆಗುವವರು. ಆದರೆ ಏಸಿ ಇರುವ ಕಟ್ಟಡದಲ್ಲಿ ಹೇಳಿದ್ದೆಲ್ಲ ನಿಜ ಅಂತ ನಂಬುವ ಜನ ಅವರು. ಆಸ್ಪತ್ರೆ ವಿಷಯದಲ್ಲೂ ಹಾಗೇ, ಮಕ್ಕಳ ಕಾಲೇಜಿನ ವಿಷಯದಲ್ಲೂ ಹಾಗೇ.

ಮಾರನೇ ದಿನ ಪರೀಕ್ಷೆಯ ಚಾರ್ಜು ಅಂತ 1,180 ರೂಪಾಯಿ ಕಟ್ಟಿ ಕಾರನ್ನು ಹೊರಗೆ ತರಿಸಿದೆ. ಯಾವ ಪರೀಕ್ಷೆ ಅಂತ ಬಿಲ್ಲಿನಲ್ಲಿ ಬರೆದಿರಲಿಲ್ಲ. ಅಲ್ಲಿಂದ ಗ್ಯಾರೇಜುಗಳೇ ತುಂಬಿರುವ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ. ಶಿವಮೊಗ್ಗದವರಿಗೆ ಆ ಜಾಗದ ಬಗ್ಗೆ ಹೇಳಬೇಕಾಗಿಲ್ಲ. ನಮ್ಮ ಶಾಲೆಯ ಡ್ರೈವರ್ ಹೇಳಿದ ಗ್ಯಾರೇಜು. ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು, ಮಾತು ಕಡಿಮೆ.

ನಾನು ಮುಚ್ಚಳದ ಕಥೆ ಹೇಳಿದೆ. ಅವರು ಮುಚ್ಚಳ ತೆಗೆದು ನೋಡಿದರು. ಆಮೇಲೆ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ಎಳೆದು ನನ್ನ ಮುಂದೆ ಹಿಡಿದರು. ಆಯಿಲ್ ಕಂದು ಬಣ್ಣ, ತಿಳಿಯಾಗಿತ್ತು. ಬಿಳಿಯ ಅಂಶವೇ ಇಲ್ಲ.

"ಈ ತಿಂಗಳು ದೂರ ಎಲ್ಲಾದ್ರೂ ಹೋಗಿದ್ರಾ?"

ಇಲ್ಲ. ಮಳೆ ಜೋರು ಅಂತ ಊರಿಗೂ ಹೋಗಿರಲಿಲ್ಲ. ವಿನೋಬನಗರದಿಂದ ಶಾಲೆ, ಶಾಲೆಯಿಂದ ಮಾರ್ಕೆಟ್ಟು, ಮನೆ. ಅಷ್ಟೇ.

ಅವರು ಬಿಡಿಸಿ ಹೇಳಿದರು. ಮಳೆಗಾಲದಲ್ಲಿ ನಮ್ಮ ಕಡೆ ಗಾಳಿಯಲ್ಲೇ ನೀರಿರುತ್ತದೆ. ಪೆಟ್ರೋಲ್ ಉರಿದಾಗಲೂ ಸ್ವಲ್ಪ ಹಬೆ ಆಗುತ್ತದೆ, ಅದರಲ್ಲಿ ಒಂಚೂರು ಕೆಳಗಿನ ಆಯಿಲ್ ಕಡೆಗೂ ಇಳಿಯುತ್ತದೆ. ಇಂಜಿನ್ ಪೂರ್ತಿ ಕಾಯುವ ಮೊದಲೇ ಆಫ್ ಆಗುತ್ತಿದ್ದರೆ ಆ ಹಬೆ ಹೊರಗೆ ಹೋಗುವುದಿಲ್ಲ. ಎಲ್ಲಕ್ಕಿಂತ ಮೇಲಿರುವ, ತಣ್ಣಗಿರುವ ಮುಚ್ಚಳಕ್ಕೆ ತಾಗಿ ನೀರಾಗುತ್ತದೆ, ಆಯಿಲ್ ಜೊತೆ ಕಲಸಿ ಬೆಳ್ಳಗಾಗುತ್ತದೆ. ದೂರ ಓಡಿಸಿದರೆ ಆಯಿಲ್ ಚೆನ್ನಾಗಿ ಕಾದು ಅದು ತಾನಾಗೇ ಆವಿಯಾಗಿ ಹೋಗುತ್ತದೆ. ಗ್ಯಾಸ್ಕೆಟ್ ಹೋಗಿ ಆಯಿಲ್‌ಗೆ ನೀರು ಸೇರಿದ್ದರೆ ಸಾಮಾನ್ಯವಾಗಿ ಕೆಳಗಿರುವ ಆಯಿಲ್ಲೇ ಬೆಳ್ಳಗಾಗಿರುತ್ತದೆ, ಮುಚ್ಚಳ ಒಂದೇ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಜಿಲ್ಲೆಯಲ್ಲಿ ಗಾಡಿ ರಿಪೇರಿ ಮಾಡುವವರಿಗೆ ಇದು ಹೊಸದಾ? ಪ್ರತಿ ಮಳೆಗಾಲ ಎಷ್ಟು ಮುಚ್ಚಳ ಹೀಗೆ ಕಂಡಿರಬೇಡ ಅವರು!

ನನಗೆ ಸಿಟ್ಟು ಬಂದದ್ದು ಆಗ. ಸರ್ವಿಸ್ ಸೆಂಟರಿನಲ್ಲಿ ಇದ್ದಾಗ ಬರೀ ಹೆದರಿಕೆ ಇತ್ತು. ಮುಚ್ಚಳ ತೆಗೆದು ಫೋಟೋ ಹೊಡೆದವರಿಗೆ ಒಂದು ಗೇಣು ಆಚೆ ಇರುವ ಡಿಪ್‌ಸ್ಟಿಕ್ ಎಳೆಯಲು ಕೈ ಬರಲಿಲ್ಲವಾ? ಎಳೆದು ನೋಡಿ, ಅದರ ಫೋಟೋ ಬೇಡ ಅಂತ ಬಿಟ್ಟರಾ? ಎರಡರಲ್ಲಿ ಯಾವುದಾದರೂ ತಪ್ಪೇ. ಎರಡನೆಯದಾದರೆ ಅದಕ್ಕೆ ತಪ್ಪು ಅನ್ನುವುದೂ ಸಾಲದು.

ಮೇಸ್ತ್ರಿ ಅಷ್ಟಕ್ಕೇ ಗ್ಯಾಸ್ಕೆಟ್ ಸರಿ ಇದೆ ಅಂದುಬಿಡಲಿಲ್ಲ. ಅದೇ ನನಗೆ ಹಿಡಿಸಿದ್ದು. ಕೂಲೆಂಟ್ ತುಂಬಿಸಿ, ಡಬ್ಬಿಯ ಬಾಯಿಗೆ ಮೀಟರ್ ಇರುವ ಕೈಪಂಪು ಕೂರಿಸಿ ಒತ್ತಡ ಕೊಟ್ಟರು. ಮುಳ್ಳು 15 ಪಿಎಸ್‌ಐಗೆ ಏರಿತು. ಸ್ವಲ್ಪ ಹೊತ್ತಿಗೆ ನಿಧಾನ ಇಳಿಯತೊಡಗಿತು. "ಎಲ್ಲೋ ಸೋರ್ತಿದೆ" ಅಂತ ಟಾರ್ಚು, ಉದ್ದ ಕಡ್ಡಿಗೆ ಕಟ್ಟಿದ ಕನ್ನಡಿ ಹಿಡಿದು ಇಂಜಿನ್ನಿನ ಹಿಂಬದಿ ಹುಡುಕಿದರು. ಕೂಲೆಂಟ್ ಹರಿವನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಕೂರುವ ಪ್ಲಾಸ್ಟಿಕ್ ಮನೆಯ ಅಂಚಿನಲ್ಲಿ ಸಣ್ಣ ಬಿರುಕು. ಅಲ್ಲಿಂದ ಕೆಳಗೆ ಒಣಗಿದ ಗುಲಾಬಿ ಬಣ್ಣದ ಕಲೆ. ಇಂಜಿನ್ ತಣ್ಣಗಿದ್ದಾಗ ಸೋರುವುದಿಲ್ಲ. ಕಾದು ಒತ್ತಡ ಏರಿದಾಗ ಮಾತ್ರ ಹನಿ. ಬಿದ್ದ ಹನಿ ಬಿಸಿಗೆ ಅಲ್ಲೇ ಆರಿ ಹೋಗುತ್ತದೆ, ನೆಲದ ಮೇಲೆ ಗುರುತು ಇರುವುದಿಲ್ಲ. "ಬನ್ನಿ, ನೀವೇ ನೋಡಿ" ಅಂದರು. ಬಗ್ಗಿ ನೋಡಿದೆ. ಕನ್ನಡಿಯಲ್ಲಿ ಹನಿ ಕೂಡಿಕೊಳ್ಳುವುದು ಕಾಣಿಸಿತು.

ಆಮೇಲೂ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಟ್ಟರು. ಸಿಲಿಂಡರಿನೊಳಗೆ ಕೂಲೆಂಟ್ ಹೋಗುತ್ತಿದ್ದರೆ ಆ ಪ್ಲಗ್ ತೊಳೆದ ಹಾಗೆ ಬೇರೆಯಾಗಿ ಕಾಣುತ್ತದಂತೆ. ನಾಲ್ಕೂ ಒಂದೇ ಬಣ್ಣ. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಮೀಟರ್ ಹಾಕಿದರು, ನಾಲ್ಕರಲ್ಲೂ 170ರ ಆಸುಪಾಸು. ಗ್ಯಾಸ್ಕೆಟ್ ಹೋದ ಲಕ್ಷಣ ಕಾಣಲಿಲ್ಲ. ಹೊಸ ಪ್ಲಾಸ್ಟಿಕ್ ಮನೆ, ಥರ್ಮೋಸ್ಟಾಟ್, ಕೂಲೆಂಟ್, ಮಜೂರಿ ಎಲ್ಲ ಸೇರಿ 6,850 ರೂಪಾಯಿ. ಹಾಕಿದ ಮೇಲೆ ಮತ್ತೆ ಪಂಪು ಒತ್ತಿ, ಮುಳ್ಳು ಅಲುಗುವುದಿಲ್ಲ ಅಂತ ತೋರಿಸಿಯೇ ಕೀ ಕೊಟ್ಟರು. ಒಡೆದ ತುಂಡನ್ನೂ ಕವರಿನಲ್ಲಿ ಹಾಕಿ ಕೊಟ್ಟರು, ನಾನು ಕೇಳಿರಲಿಲ್ಲ.

"ಒಂದ್ಸಲ ಕಾದಿದೆ ಅಲ್ವಾ, ಒಂದು ತಿಂಗಳು ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಕೂಲೆಂಟ್ ಲೆವೆಲ್ ನೋಡ್ತಾ ಇರಿ. ಇಳಿದ್ರೆ ತಗೊಂಡ್ಬನ್ನಿ. ಆಗ್ಲೂ ಹಾಫ್ ಇಂಜಿನ್ ಅಂತ ಹೇಳಲ್ಲ. ಹೆಡ್ ಬಿಚ್ಚಿ, ಲೇತಿಗೆ ಕೊಟ್ಟು ಅದರ ಮೈ ಸಮ ಮಾಡ್ಸಿ, ಗ್ಯಾಸ್ಕೆಟ್ ಹಾಕೋದು ಮೊದಲು."

ಭಾನುವಾರ ಊರಿಗೆ ಹೋದೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ. ಟೆಂಪರೇಚರ್ ಮುಳ್ಳು ನಡುವಿನಿಂದ ಆಚೀಚೆ ಆಗಲಿಲ್ಲ. ಅಂಗಳದಲ್ಲಿ ಗಾಡಿ ತಣ್ಣಗಾದ ಮೇಲೆ ಆಯಿಲ್ ಮುಚ್ಚಳ ತೆಗೆದೆ. ಬಿಳಿ ಹೆಚ್ಚೂಕಮ್ಮಿ ಹೋಗಿತ್ತು.

ಅಮ್ಮ ಎಲ್ಲ ಕೇಳಿಸಿಕೊಂಡು "ಎಂಥ ಮಾರಾಯ್ತಿ, ಅಷ್ಟು ದುಡ್ಡು ಕೇಳೋರು ತೋರಿಸ್ಬೇಕಪ್ಪ" ಅಂದರು. "ನಮ್ ಅಡಿಕೆ ತಗಳೋರು ಸುಮ್ನೆ ಚೀಲ ನೋಡಿ ರೇಟು ಹೇಳ್ತಾರಾ? ಕೈ ಹಾಕಿ ತೆಗೆದು, ಕತ್ತರಿಸಿ ನೋಡೇ ಹೇಳೋದು. ನಾವೂ ಎದುರಿಗೇ ನಿಂತಿರ್ತೀವಿ."

ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ನಾನು ಓದಿ, ಕೆಲಸ ಹಿಡಿದು, ಪ್ರತಿದಿನ ಮಕ್ಕಳಿಗೆ ಪ್ರಶ್ನೆ ಕೇಳಿ ಅಂತ ಹೇಳುವವಳು. ಆದರೂ ಆ ಕುರ್ಚಿಯಲ್ಲಿ ಕೂತಾಗ ಎರಡನೇ ಸಲ ಕೇಳಲು ಗಂಟಲು ಕಟ್ಟಿತ್ತು. ಯಾಕೆ ಅಂತ ಆ ದಿನದಿಂದ ಯೋಚಿಸುತ್ತಿದ್ದೇನೆ. ಕೇಳಿದರೆ ನಂಬಿಕೆ ಇಲ್ಲದವಳು, ಜಗಳಗಂಟಿ ಅನ್ನಿಸಿಕೊಳ್ಳುವ ಭಯ ನಮ್ಮ ಕಡೆ ಜಾಸ್ತಿ. ಕಾಫಿ ಕೊಟ್ಟವರ ಮುಂದೆ ಇನ್ನೂ ಜಾಸ್ತಿ. ಕಾರಿನ ವಿಷಯ ಬಿಡಿ, ಅಪ್ಪ ಆಸ್ಪತ್ರೆಯಲ್ಲಿದ್ದಾಗಲೂ ಹೀಗೇ ಆಗಿತ್ತು. ಸ್ಕ್ಯಾನಿಂಗ್ ಕಾಗದ ದೂರದಿಂದ ತೋರಿಸಿ "ನಮಗೆ ಗೊತ್ತಾಗತ್ತೆ" ಅಂದಿದ್ದರು. ಅಲ್ಲಿ ಏನು ಕಾಣುತ್ತಿದೆ ಅಂತ ಬೆರಳಿಟ್ಟು ತೋರಿಸಿದ್ದು ಆಮೇಲೆ ಬಂದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಮಾತ್ರ. ಅಪ್ಪನ ಕಾಯಿಲೆ ಅದರಿಂದ ಕಡಿಮೆಯಾಗಲಿಲ್ಲ. ಆದರೆ ಆ ರಾತ್ರಿ ಅಪ್ಪ ನಿದ್ದೆ ಮಾಡಿದರು. ಆ ಡಾಕ್ಟರನ್ನು ಅಮ್ಮ ಇವತ್ತಿಗೂ ನೆನೆಯುತ್ತಾರೆ.

ಗೊತ್ತಿರುವವರು ಗೊತ್ತಿಲ್ಲದವರಿಗೆ ತೋರಿಸಲು ಐದು ನಿಮಿಷ ಸಾಕು. ಆ ಹುಡುಗನಿಗೂ ಆ ಐದು ನಿಮಿಷ ಇತ್ತು. ಎಕ್ಸ್‌ಚೇಂಜ್ ಆಫರ್ ಬಗ್ಗೆ ಅದಕ್ಕಿಂತ ಹೆಚ್ಚು ಹೊತ್ತು ಮಾತಾಡಿದ. ಅವನ ಮೇಲೆ ನನಗೆ ಪೂರ್ತಿ ಕೋಪ ಇಲ್ಲ. ಹೊಸನಗರದ ಕಡೆಯ ಮಾತು ಕೇಳಿಸಿತು, ನಮ್ಮವನೇ. ಮೆಕ್ಯಾನಿಕ್ ಬರೆದುಕೊಟ್ಟದ್ದನ್ನು ಓದಿ ಹೇಳುವುದಷ್ಟೇ ಅವನ ಕೆಲಸ ಇರಬಹುದು. ಆದರೆ "ನಾನು ಓದಿ ಹೇಳ್ತಿದ್ದೀನಿ, ಒಳಗೆ ಕೇಳ್ಕೊಂಡು ಬರ್ತೀನಿ" ಅನ್ನಬಹುದಿತ್ತು. ಅಷ್ಟು ಹೇಳಿದ್ದರೆ ನಾನು ಕಾಯುತ್ತಿದ್ದೆ.

ಅಲ್ಲಿಂದ ಅಭಿಪ್ರಾಯ ಕೇಳಲು ಫೋನ್ ಬಂತು, ಹತ್ತಕ್ಕೆ ಹತ್ತು ಕೊಡಿ ಅಂತ. ನಾನು ನಡೆದದ್ದು ಹೇಳಿದೆ. "ಇದನ್ನ ಬರೆಯೋಕೆ ಕಾಲಂ ಇಲ್ಲ ಮೇಡಂ" ಅಂದಳು ಆ ಹುಡುಗಿ. ಹಾಗಾಗಿ ಕಾಗದದಲ್ಲಿ ಬರೆದು, ಒಡೆದ ತುಂಡಿನ ಫೋಟೋ, ಎರಡೂ ಬಿಲ್ಲು ಸೇರಿಸಿ ಮ್ಯಾನೇಜರಿಗೆ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದಿದ್ದೇನೆ. ನನ್ನ 1,180 ಯಾವ ಪರೀಕ್ಷೆಗೆ ಅಂತ ಬರೆದು ತಿಳಿಸಬೇಕು ಅಂತ ಕೇಳಿದ್ದೇನೆ. ಉತ್ತರ ಬರದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ.

ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳುವಾಗ ನಮ್ಮ ಗಣಿತದ ಟೀಚರ್ ಬ್ಯಾಗಿನಿಂದ ಒಂದು ಎಸ್ಟಿಮೇಟ್ ತೆಗೆದರು. ಅವರ ಗಾಡಿಯ ಗೇರ್‌ಬಾಕ್ಸ್ ಪೂರ್ತಿ ಹೋಗಿದೆಯಂತೆ, 92,000. ಸಹಿ ಹಾಕಲು ಸೋಮವಾರ ಬನ್ನಿ ಅಂದಿದ್ದಾರಂತೆ. "ಏನು ಟೆಸ್ಟ್ ಮಾಡಿದ್ರು?" ಅಂದೆ. ಅವರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ಸೋಮವಾರ ಮೊದಲ ಪೀರಿಯಡ್ ಇಬ್ಬರಿಗೂ ಬಿಡುವಿದೆ. ನಾನೂ ಜೊತೆಗೆ ಹೋಗುತ್ತೇನೆ.