ಸರಳಿಗೆ ಕಿವಿಯಿಟ್ಟ ಅತಿಥಿ

ಜುಲೈ ತಿಂಗಳು, ಬಿಡದ ಮಳೆ. ತುಂಗೆ ಕೆಂಪಾಗಿ ಹರಿಯುತ್ತಿದ್ದಳು. ಶಿವಮೊಗ್ಗದಿಂದ ಗಾಜನೂರು ದಾಟಿ ಇಬ್ಬರು ಅತಿಥಿಗಳು ನಮ್ಮೂರಿಗೆ ಬಂದರು. ಫ್ರಾನ್ಸಿನ ಒಂದು ಊರಿನ ನಗರಸಭೆಯಲ್ಲಿ ನೀರು ಸರಬರಾಜು ನೋಡಿಕೊಳ್ಳುವ ಎಂಜಿನಿಯರ್‌ಗಳು. ನಮ್ಮ ಊರಿನ ಜೊತೆ ಸೇರಿ ಕೆಲಸ ಮಾಡಬಹುದಾ ಅಂತ ನೋಡಲು ಬಂದಿದ್ದರು. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನು, ಮಾತು ದಾಟಿಸಲು ನನ್ನನ್ನು ಕರೆದಿದ್ದರು.

ಬೆಳಗಿನ ಸಭೆಯಲ್ಲಿ ನಮ್ಮವರು ಕೇಳಿದ್ದು ಒಂದೇ ಪ್ರಶ್ನೆ. ಎಷ್ಟು ದುಡ್ಡು ಕೊಡ್ತಾರೆ? ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ನನಗೆ ನಿಜಕ್ಕೂ ಮುಜುಗರವಾಯಿತು. ಕೊಡುವವರಿಗೂ ಒಂದು ಕಚೇರಿ ಇದೆ, ಅಲ್ಲೂ ಕಷ್ಟ ಇರುತ್ತೆ ಅಲ್ವಾ?

ಮಧ್ಯಾಹ್ನ ಕಡುಬು, ಕಳಲೆ ಪಲ್ಯ ಬಡಿಸುವಾಗ ಅವರ ಕಷ್ಟ ಏನು ಅಂತ ನಾನೇ ಕೇಳಿದೆ. ಅತಿಥಿಗಳಲ್ಲಿ ಹಿರಿಯರು ಮನಸ್ಸು ಬಿಚ್ಚಿ ಮಾತಾಡಿದರು. ಅವರಲ್ಲಿ ನೀರಿನ ಬಿಲ್ಲಿನ ಹಣ ನೀರಿನ ಕೆಲಸಕ್ಕೇ ಹೋಗಬೇಕು. ಅದನ್ನು ಹೊರದೇಶಕ್ಕೆ ಖರ್ಚು ಮಾಡಬಹುದಾ ಅನ್ನುವ ಅನುಮಾನ ಇತ್ತಂತೆ. ಫ್ರಾನ್ಸಿನ 2005ರ ಊದ್ಯಾಂ–ಸಾಂತಿನಿ ಕಾನೂನು ಅದಕ್ಕೆ ದಾರಿ ಮಾಡಿತು. ನೀರು, ಒಳಚರಂಡಿ ಬಜೆಟ್ಟಿನ ಶೇ. 1ರವರೆಗೆ ಬಳಸಬಹುದು. ಹಣವೇನೋ ಸಿಗುತ್ತೆ, ಜನ ಸಿಗೋದಿಲ್ಲ ಅಂದರು. ಅವರು ಇಲ್ಲಿರುವಾಗ ಅವರ ಫೈಲುಗಳೆಲ್ಲ ಪಕ್ಕದ ಮೇಜಿನವರ ತಲೆಗೆ. ಅದಕ್ಕೆಂದು ಹೊಸ ಹುದ್ದೆ ಇಲ್ಲ. ‘ನಮ್ಮ ಪೈಪೇ ಹಳೇದಾಗಿದೆ, ಅಲ್ಲಿಗೆ ಯಾಕೆ ಹೋಗ್ತೀರಿ’ ಅಂತ ಅಲ್ಲಿನ ಸದಸ್ಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಬಿಲ್ಲು ಕಟ್ಟುವವರಿಗೆ ಉತ್ತರ ಸಿಗಲೇಬೇಕು. ಆದರೆ ಈ ಕೆಲಸಕ್ಕಾಗಿಯೇ ಅವರ ನೀರಿನವರು, ಲೆಕ್ಕದವರು, ಒಳಚರಂಡಿಯವರು ಮೊದಲ ಸಲ ಒಟ್ಟಿಗೆ ಕೂತು ಮಾತಾಡಿದರಂತೆ. ಅದನ್ನು ಹೇಳುವಾಗ ಅವರ ಮುಖ ಅರಳಿತ್ತು.

ಸಂಜೆ ನಮ್ಮ ನೀರುಗಂಟಿಯ ಜೊತೆ ಬೀದಿ ಸುತ್ತಿದೆವು. ಒಂದು ಕಡೆ ಅವರು ಕಬ್ಬಿಣದ ಸರಳನ್ನು ವಾಲ್ವಿಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟರು. ‘ಇಲ್ಲೇ ಮುಂದೆ ಸೋರ್ತಾ ಇದೆ ಸಾರ್’ ಅಂದರು. ಹಿರಿಯ ಅತಿಥಿ ಸರಳು ಕೇಳಿ ತಗೊಂಡು, ಮಳೆಯಲ್ಲೇ ಬಗ್ಗಿ, ಕಣ್ಣು ಮುಚ್ಚಿ ಆಲಿಸಿದರು. ತುಂಬಾ ಹೊತ್ತು. ಹೀಗೆ ಕೇಳಬಲ್ಲ ತಮ್ಮೂರಿನ ಹಳಬರೆಲ್ಲ ನಿವೃತ್ತರಾದರು, ಈಗ ಯಂತ್ರ ಹೇಳಿದ್ದನ್ನೇ ನಂಬುತ್ತೇವೆ ಅಂದರು. ಊರಿಗೆ ಹೋಗಿ ಬರೆಯುವ ವರದಿಯಲ್ಲಿ ಇದೂ ಇರುತ್ತೆ ಅಂತಲೂ ಹೇಳಿದರು.

‘ನನ್ನ ಹೆಸರೂ ಹಾಕ್ತಾರಾ ಸಾರ್?’ ನೀರುಗಂಟಿ ಮೆಲ್ಲಗೆ ಕೇಳಿದರು.

ನಾನು ಅದನ್ನು ಅವರಿಗೆ ದಾಟಿಸಿದೆ. ಅತಿಥಿ ತಮ್ಮ ನೋಟ್‌ಬುಕ್ಕನ್ನೇ ತೆಗೆದು ಕೊಟ್ಟರು. ನೀರುಗಂಟಿ ಕೈ ಒರೆಸಿಕೊಂಡು, ಕನ್ನಡದಲ್ಲಿ, ನಿಧಾನವಾಗಿ ಹೆಸರು ಬರೆದರು. ಹಾಳೆ ನೆನೆಯದ ಹಾಗೆ ನಾನು ಕೊಡೆ ಹಿಡಿದುಕೊಂಡು ನಿಂತಿದ್ದೆ.